ಕಾನೂನು ಓದಲು ಯುರೋಪಿಗೆ: ಯಾವ ದೇಶ, ಎಷ್ಟು ದಿನ, ಯಾವ ಕೆಲಸಕ್ಕೆ?

ಲಾ ಕಾಲೇಜಿನ ನಾಲ್ಕನೇ ವರ್ಷಕ್ಕೆ ಬಂದವರು ನನಗೆ ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಯುರೋಪಲ್ಲಿ ಯಾವ ದೇಶ ಒಳ್ಳೇದು?" ಅದಕ್ಕೆ ಉತ್ತರ ಹೇಳುವ ಮೊದಲು ನಾನೇ ಒಂದು ಕೇಳುತ್ತೇನೆ. ಓದು ಮುಗಿಸಿ ಎಲ್ಲಿ ಕೆಲಸ ಮಾಡಬೇಕು ಅಂತಿದ್ದೀಯ? ಬೆಂಗಳೂರಿನ ಹೈಕೋರ್ಟಿನಲ್ಲೋ, ಧಾರವಾಡ ಪೀಠದಲ್ಲೋ, ಕಂಪನಿಯೊಂದರ ಲೀಗಲ್ ವಿಭಾಗದಲ್ಲೋ? ಕಾಲೇಜಿನಲ್ಲಿ ಪಾಠ ಮಾಡುವ ಆಸೆಯೋ? ಇಲ್ಲಾ ಅಲ್ಲೇ ಉಳಿಯುವ ಯೋಚನೆಯೋ?

ಇಂಜಿನಿಯರಿಂಗ್ ಓದಿದವರು ಮ್ಯೂನಿಕ್‌ನಲ್ಲಿ ಕಲಿತದ್ದನ್ನು ಮೈಸೂರಿನಲ್ಲಿ ಹಾಗೇ ಬಳಸಬಹುದು. ಕಾನೂನಿಗೆ ಗಡಿ ಇದೆ. ಜರ್ಮನಿಯ ಕರಾರು ಕಾನೂನನ್ನು ಅರೆದು ಕುಡಿದು ಬಂದರೂ ಇಲ್ಲಿನ ಸಿವಿಲ್ ಕೋರ್ಟಿನಲ್ಲಿ ನಡೆಯುವುದು 1872ರ ಭಾರತೀಯ ಕರಾರು ಕಾಯ್ದೆಯೇ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಆಯ್ಕೆ ಅರ್ಧ ಸುಲಭವಾಗುತ್ತದೆ. ನಾನು ಐದು ವರ್ಷದ ಕೋರ್ಸಿನಲ್ಲಿದ್ದಾಗ ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಿದೆ. ಆಮೇಲೆ ನೆದರ್ಲೆಂಡ್ಸ್‌ನಲ್ಲಿ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ ಮಾಡಿದೆ. ಈಗ ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿದ್ದೇನೆ. ಬ್ರಿಟನ್, ಐರ್ಲೆಂಡಿಗೆ ಹೋದ ಗೆಳೆಯ ಗೆಳತಿಯರ ಜೊತೆ ದಿನಾ ಮಾತಾಡುತ್ತೇನೆ. ಹಾಗಾಗಿ ದೇಶಗಳ ವಿಷಯಕ್ಕೆ ಬರುವ ಮೊದಲು ಎಷ್ಟು ದಿನಕ್ಕೆ ಹೋಗಬೇಕು ಅನ್ನುವುದನ್ನು ನೋಡೋಣ. ಹೆಚ್ಚಿನವರು ಯೋಚಿಸದೇ ಬಿಡುವುದು ಇದನ್ನೇ.

ಮೂರು ವಾರವೂ ಸಾಕಾಗಬಹುದು

ಕೋರ್ಟಿನಲ್ಲೇ ವಕೀಲಿ ಮಾಡುವುದು ಅಂತ ಗಟ್ಟಿಯಾಗಿ ತೀರ್ಮಾನಿಸಿದವರಿಗೆ ನಾನು ಮೊದಲು ಹೇಳುವುದು ಹೇಗ್ ಅಕಾಡೆಮಿಯ ಬೇಸಿಗೆ ಕೋರ್ಸಿನ ಬಗ್ಗೆ. 1923ರಿಂದ ನಡೆಯುತ್ತಿರುವ ಈ ಅಕಾಡೆಮಿ ನೆದರ್ಲೆಂಡ್ಸ್‌ನ ಹೇಗ್ ನಗರದ ಪೀಸ್ ಪ್ಯಾಲೇಸ್‌ನ ಆವರಣದಲ್ಲಿದೆ. ಅಂತಾರಾಷ್ಟ್ರೀಯ ನ್ಯಾಯಾಲಯ ಕೂರುವುದೂ ಅಲ್ಲೇ. ಜುಲೈ, ಆಗಸ್ಟ್ ತಿಂಗಳಲ್ಲಿ ಮೂರು ವಾರ ದೇಶ ದೇಶಗಳ ನಡುವಿನ ಕಾನೂನು, ಇನ್ನು ಮೂರು ವಾರ ಖಾಸಗಿ ಅಂತಾರಾಷ್ಟ್ರೀಯ ಕಾನೂನು. ಪಾಠ ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ಇರುತ್ತದೆ. ಫ್ರೆಂಚ್ ಬರದಿದ್ದರೆ ಕಿವಿಗೆ ಹಾಕಿಕೊಳ್ಳುವ ಯಂತ್ರದಲ್ಲಿ ಅನುವಾದ ಆಗಿಂದಾಗಲೇ ಬರುತ್ತದೆ. ಸ್ಕಾಲರ್‌ಶಿಪ್ ಕೂಡ ಉಂಟು. ಖರ್ಚು ಎಲ್‌ಎಲ್‌ಎಂ ಫೀಸಿನ ಒಂದು ಸಣ್ಣ ಪಾಲು ಅಷ್ಟೇ.

ಖಾಸಗಿ ಅಂತಾರಾಷ್ಟ್ರೀಯ ಕಾನೂನು ಅಂದರೆ ನಮಗೇನು ಸಂಬಂಧ ಅನ್ನಬೇಡಿ. ಗಂಡ ಒಂದು ದೇಶದಲ್ಲಿ, ಹೆಂಡತಿ ಮಗು ಬೆಂಗಳೂರಿನಲ್ಲಿ, ಎರಡೂ ಕಡೆ ಕೇಸು. ಇಂಥ ಫೈಲುಗಳು ನಮ್ಮ ಫ್ಯಾಮಿಲಿ ಕೋರ್ಟುಗಳಿಗೆ ಹೊಸದಲ್ಲ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದಾಗ ಅನ್ವಯಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ನಮ್ಮ ಕೋರ್ಟುಗಳು ಮಗುವಿನ ಹಿತ ನೋಡಿ ತಾವೇ ತೀರ್ಮಾನಿಸುತ್ತವೆ. ಆ ಕಡೆಯ ವಕೀಲರು ಹೇಗೆ ಯೋಚಿಸುತ್ತಾರೆ ಅಂತ ಗೊತ್ತಿದ್ದವರಿಗೆ ಇಲ್ಲಿ ನಿಜಕ್ಕೂ ಬೆಲೆ ಇದೆ. ಆ ತಿಳಿವಳಿಕೆಗೆ ಪೂರ್ತಿ ಒಂದು ವರ್ಷ ಬೇಕಾಗಿಲ್ಲ.

ಹೇಗ್‌ಗೂ ನಮ್ಮ ಕರಾವಳಿಗೂ ಒಂದು ನಂಟಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು 1952ರಲ್ಲಿ ಅಲ್ಲಿನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಮರುವರ್ಷ ತೀರಿಕೊಂಡರು. ನಮ್ಮೂರ ಕಡೆಯವರೊಬ್ಬರು ಅಲ್ಲಿ ಕೂತಿದ್ದರು ಅನ್ನುವುದು ಕನ್ನಡ ಮೀಡಿಯಂನಿಂದ ಬಂದ ಹುಡುಗ ಹುಡುಗಿಯರಿಗೆ ಗೊತ್ತಿರಬೇಕು ಅಂತ ನನ್ನ ಆಸೆ.

ಎಕ್ಸ್‌ಚೇಂಜ್ ಸೆಮಿಸ್ಟರ್: ಸಿಕ್ಕರೆ ಬಿಡಬೇಡಿ

ನಿಮ್ಮ ಕಾಲೇಜಿಗೆ ಯುರೋಪಿನ ವಿಶ್ವವಿದ್ಯಾಲಯದ ಜೊತೆ ವಿನಿಮಯ ಒಪ್ಪಂದ ಇದ್ದರೆ ಫೀಸನ್ನು ಸಾಮಾನ್ಯವಾಗಿ ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ. ಅಲ್ಲಿ ಬೀಳುವುದು ಊಟ, ಬಾಡಿಗೆ, ವಿಮಾನದ ಖರ್ಚು. ಹ್ಯಾಂಬರ್ಗ್‌ನ ಬುಸೇರಿಯುಸ್ ಲಾ ಸ್ಕೂಲ್ ಹೊರದೇಶದ ವಿದ್ಯಾರ್ಥಿಗಳಿಗಾಗಿ ಪ್ರತಿ ವರ್ಷ ಇಂಗ್ಲಿಷ್‌ನಲ್ಲೇ ವ್ಯಾಪಾರ ಕಾನೂನಿನ ಸೆಮಿಸ್ಟರ್ ನಡೆಸುತ್ತದೆ. ಎಲ್ಲ ಕಾಲೇಜುಗಳಿಗೂ ಇಂಥ ಒಪ್ಪಂದ ಇರುವುದಿಲ್ಲ. ಎರಡನೇ ವರ್ಷದಲ್ಲೇ ಆಫೀಸಿಗೆ ಹೋಗಿ ಕೇಳಿ.

ಹೋಗುವ ಮೊದಲು ಒಂದು ಕೆಲಸ ಮಾಡಲೇಬೇಕು. ಅಲ್ಲಿ ಓದುವ ಯಾವ ವಿಷಯ ಇಲ್ಲಿನ ಯಾವ ವಿಷಯಕ್ಕೆ ಸಮ ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿ ಲೆಕ್ಕ ಇಸಿಟಿಎಸ್ ಕ್ರೆಡಿಟ್‌ನಲ್ಲಿ, ಅದು ಓದಿನ ಹೊರೆಗೆ ಯುರೋಪಿನ ಅಳತೆ. ಸೆಮಿಸ್ಟರಿಗೆ 30, ವರ್ಷಕ್ಕೆ 60. ನನ್ನ ಜೊತೆ ಇದ್ದ ಒಬ್ಬಳಿಗೆ ಅವಳ ಕಾಲೇಜಿನವರು ಬಾಯಿಮಾತಲ್ಲಿ ಒಪ್ಪಿ, ವಾಪಸ್ ಬಂದ ಮೇಲೆ ಒಂದು ವಿಷಯವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಐದನೇ ವರ್ಷದ ಒತ್ತಡದ ನಡುವೆ ಆ ಪರೀಕ್ಷೆಯನ್ನೂ ಬರೆದಳು.

ಜರ್ಮನಿಯ ಆ ತಿಂಗಳುಗಳು ನನಗೆ ಕೊಟ್ಟದ್ದು ಯೋಚಿಸುವ ಇನ್ನೊಂದು ಕ್ರಮ. ಮೊದಲ ವಾರವೇ ಪ್ರೊಫೆಸರ್ ಬ್ರೆಡ್ ಕೊಳ್ಳುವ ಉದಾಹರಣೆ ಕೊಟ್ಟರು. ನಮಗೆ ಅದು ಒಂದು ಮಾರಾಟ, ಅಷ್ಟೇ. ಜರ್ಮನ್ ಕಾನೂನಿನಲ್ಲಿ ಅಲ್ಲಿ ಮೂರು ಒಪ್ಪಂದಗಳಿವೆ. ಕೊಡುತ್ತೇನೆ, ಕೊಳ್ಳುತ್ತೇನೆ ಅನ್ನುವ ಕರಾರು ಒಂದು. ಬ್ರೆಡ್ಡಿನ ಒಡೆತನ ದಾಟಿಸುವುದು ಎರಡನೆಯದು. ದುಡ್ಡಿನ ಒಡೆತನ ದಾಟಿಸುವುದು ಮೂರನೆಯದು. ಮೊದಲನೆಯದು ಬಿದ್ದುಹೋದರೂ ಉಳಿದೆರಡು ನಿಲ್ಲಬಹುದು. ಇನ್ನೊಂದು ಕೇಳಿ: ಅಲ್ಲಿ ಕರಾರಿಗೆ ಪ್ರತಿಫಲ, ಅಂದರೆ ಒಪ್ಪಿದ್ದಕ್ಕೆ ಬದಲಾಗಿ ಕೊಡುವ ಏನಾದರೂ, ಬೇಕೇ ಬೇಕು ಎಂದಿಲ್ಲ. ಪ್ರತಿಫಲವಿಲ್ಲದ ಕರಾರು ಅನೂರ್ಜಿತ ಅಂತ ನಮ್ಮ ಕರಾರು ಕಾಯ್ದೆಯ ಸೆಕ್ಷನ್ 25 ಬಾಯಿಪಾಠ ಮಾಡಿ ಹೋದವರಿಗೆ ಇದು ಕಾಲ ಕೆಳಗಿನ ನೆಲ ಅಲುಗಿಸುತ್ತದೆ. ಪ್ರತಿಫಲ ಅನ್ನುವುದು ನಮಗೆ ಯಾಕೆ ಬೇಕು ಅನ್ನುವ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದೇ ಆವತ್ತು.

ಪರೀಕ್ಷೆಯೂ ಬೇರೆ ಥರ. ಜರ್ಮನ್ ವಿದ್ಯಾರ್ಥಿಗಳು ಇಟ್ಟಿಗೆ ಗಾತ್ರದ ಕೆಂಪು ಕಾನೂನು ಸಂಗ್ರಹ ಹೊತ್ತು ಬರುತ್ತಾರೆ. ಅದರ ಹಾಳೆಗಳು ಬಿಡಿಬಿಡಿ. ಕಾನೂನು ಬದಲಾದಾಗ ಹಳೇ ಹಾಳೆ ತೆಗೆದು ಹೊಸದು ಸೇರಿಸುತ್ತಾರೆ. ಕಾನೂನು ಕೈಯಲ್ಲೇ ಇರುವುದರಿಂದ ನೆನಪಿನ ಶಕ್ತಿಗೆ ಅಂಕ ಇಲ್ಲ. ಒಂದು ಘಟನೆ ಕೊಟ್ಟು, ಹಕ್ಕು ಇದೆಯೇ ಅಂತ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಲು ಹೇಳುತ್ತಾರೆ. ವ್ಯಾಖ್ಯೆ ಬರೆದು, ನಾಲ್ಕು ತೀರ್ಪಿನ ಹೆಸರು ಉದುರಿಸಿ ಬರುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಅಂಕ 18ಕ್ಕೆ. 9 ಬಂದರೆ ಒಳ್ಳೆಯ ವಿದ್ಯಾರ್ಥಿ ಅಂತ ಲೆಕ್ಕ. ಊರಿಗೆ ಫೋನ್ ಮಾಡಿ 18ಕ್ಕೆ 9 ಬಂತು ಅಂದರೆ ಅಪ್ಪ ಅಮ್ಮ ಗಾಬರಿಯಾಗುತ್ತಾರೆ, ಮೊದಲೇ ಹೇಳಿಡಿ. ಫ್ರಾನ್ಸ್‌ನಲ್ಲಿ 20ಕ್ಕೆ 16 ಬಂದರೆ ಬಹಳ ದೊಡ್ಡದು. ನೆದರ್ಲೆಂಡ್ಸ್‌ನಲ್ಲಿ 10ಕ್ಕೆ 8, ಬ್ರಿಟನ್‌ನಲ್ಲಿ 100ಕ್ಕೆ 70. ವಾಪಸ್ ಬಂದು ಕೆಲಸಕ್ಕೆ ಅರ್ಜಿ ಹಾಕುವಾಗ ಅಂಕದ ಪಕ್ಕದಲ್ಲಿ ಆ ಅಳತೆಯನ್ನೂ ಬರೆಯಿರಿ. ಇಲ್ಲವಾದರೆ ನೋಡಿದವರು ಶೇಕಡಾ 50 ಅಂತ ತಿಳಿದು ಬದಿಗಿಡುತ್ತಾರೆ.

ಒಂದು ವರ್ಷದ ಎಲ್‌ಎಲ್‌ಎಂ: ಬ್ರಿಟನ್ ಮತ್ತು ಐರ್ಲೆಂಡ್

ಈಗ ದೇಶಗಳಿಗೆ ಬರೋಣ. ನಮ್ಮ ಕಾನೂನಿನ ಬೇರು ಇಂಗ್ಲೆಂಡಿನದು. ಮೊದಲ ವರ್ಷದಲ್ಲೇ ಕರಾರಿನ ಪಾಠದಲ್ಲಿ ಕಾರ್ಬೋಲಿಕ್ ಸ್ಮೋಕ್ ಬಾಲ್ ಅನ್ನುವ ಹಳೇ ಇಂಗ್ಲಿಷ್ ಕೇಸು ಓದಿದವರಿಗೆ ಅಲ್ಲಿನ ತರಗತಿ ಪರಕೀಯ ಅನ್ನಿಸುವುದಿಲ್ಲ. ಭಾಷೆಯ ತೊಡಕಿಲ್ಲ. ಆಕ್ಸ್‌ಫರ್ಡ್‌ನ ಬಿಸಿಎಲ್ (ಅಲ್ಲಿನ ಸ್ನಾತಕೋತ್ತರ ಕಾನೂನು ಪದವಿ), ಕೇಂಬ್ರಿಡ್ಜ್‌ನ ಎಲ್‌ಎಲ್‌ಎಂ ಹೆಸರಿಗೆ ಬೆಂಗಳೂರು, ದಿಲ್ಲಿಯ ದೊಡ್ಡ ಆಫೀಸುಗಳಲ್ಲಿ ತೂಕ ಇದ್ದೇ ಇದೆ. ಕಂಪನಿ ಕಾನೂನು, ಮಧ್ಯಸ್ಥಿಕೆ, ಬ್ಯಾಂಕಿಂಗ್ ಕಡೆ ಹೋಗುವವರಿಗೆ ಲಂಡನ್ ಬಲವಾದ ಆಯ್ಕೆ.

ಆದರೆ ದುಡ್ಡು. ಲಂಡನ್ನಿನ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಫೀಸೇ 30,000 ಪೌಂಡ್ ದಾಟುತ್ತದೆ. ಅದರ ಮೇಲೆ ಬಾಡಿಗೆ, ಊಟ, ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ. ಓದು ಮುಗಿದ ಮೇಲೆ ಉಳಿಯಲು ಸಿಗುವ ಗ್ರಾಜುಯೇಟ್ ವೀಸಾದ ಅವಧಿ ಎರಡು ವರ್ಷ ಇತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ಬರೀ ಅಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಬೇಕು ಅಂತ ಎಲ್‌ಎಲ್‌ಎಂಗೆ ಹೋಗುವವರು ಒಂದು ಕ್ಷಣ ನಿಲ್ಲಿ. 2021ರಿಂದ ಅದಕ್ಕೆ ಎಸ್‌ಕ್ಯೂಇ ಅನ್ನುವ ಪರೀಕ್ಷೆ ಬಂದಿದೆ. ಇಲ್ಲಿ ಸನ್ನದು ಪಡೆದ ವಕೀಲರೂ ಅದನ್ನು ಬರೆಯಬಹುದು. ಎಲ್‌ಎಲ್‌ಎಂ ಇರಲೇಬೇಕು ಎಂಬ ನಿಯಮ ಇಲ್ಲ. ಸಾಲ ಮಾಡುವ ಮೊದಲು ಇದು ಗೊತ್ತಿರಬೇಕು, ಅಲ್ವಾ?

ಐರ್ಲೆಂಡನ್ನು ನಮ್ಮವರು ಕಡೆಗಣಿಸುತ್ತಾರೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಯೂ ನಮ್ಮಂತೆ ಹಳೇ ತೀರ್ಪುಗಳನ್ನು ಆಧರಿಸುವ ಕಾಮನ್ ಲಾ, ಅಲ್ಲಿಯೂ ಇಂಗ್ಲಿಷ್, ಜೊತೆಗೆ ಐರೋಪ್ಯ ಒಕ್ಕೂಟದ ಸದಸ್ಯ ದೇಶ. ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳು ಬಂದದ್ದೇ 1937ರ ಐರಿಷ್ ಸಂವಿಧಾನದಿಂದ. ಸಂವಿಧಾನ ಕಾನೂನಿನಲ್ಲಿ ಮುಂದುವರಿಯುವ ಆಸೆ ಇದ್ದವರು ಡಬ್ಲಿನ್‌ನಲ್ಲಿ ಓದಿದರೆ ಎರಡು ಸಂವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಮಾಸ್ಟರ್ಸ್ ಮುಗಿಸಿದವರು ಎರಡು ವರ್ಷದವರೆಗೆ ಅಲ್ಲೇ ಇದ್ದು ಕೆಲಸ ಮಾಡಲು ಅವಕಾಶ ಇದೆ. ತೊಂದರೆ ಒಂದೇ, ಮನೆ. ಡಬ್ಲಿನ್‌ನಲ್ಲಿ ಬಾಡಿಗೆ ವಿಪರೀತ. ವಿಶ್ವವಿದ್ಯಾಲಯದ ಹಾಸ್ಟೆಲ್ ಖಾತ್ರಿಯಾಗದೆ ವಿಮಾನ ಹತ್ತಬೇಡಿ.

ನೆದರ್ಲೆಂಡ್ಸ್: ಅಂತಾರಾಷ್ಟ್ರೀಯ ಕಾನೂನಿಗೆ

ನಾನು ಲೈಡನ್ ಆರಿಸಿಕೊಂಡದ್ದು ಹೇಗ್ ಹತ್ತಿರ ಅನ್ನುವ ಕಾರಣಕ್ಕೆ. 1575ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೇ ಹೇಗ್. ಅಂತಾರಾಷ್ಟ್ರೀಯ ನ್ಯಾಯಾಲಯ, 2002ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ, 1899ರ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯ, ಎಲ್ಲವೂ ಒಂದೇ ಊರಿನಲ್ಲಿ. ಬಹಿರಂಗ ವಿಚಾರಣೆ ಇದ್ದ ದಿನ ಗ್ಯಾಲರಿಯಲ್ಲಿ ಕೂತು ವಾದ ಕೇಳಬಹುದು. 2019ರ ಜುಲೈನಲ್ಲಿ, ಪಾಕಿಸ್ತಾನ ಮರಣದಂಡನೆ ವಿಧಿಸಿದ್ದ ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪು ಓದಿದ್ದು ಆ ಪೀಸ್ ಪ್ಯಾಲೇಸ್‌ನಲ್ಲೇ. ಪುಸ್ತಕದಲ್ಲಿ ಓದಿದ ವಿಯೆನ್ನಾ ಒಪ್ಪಂದದ 36ನೇ ವಿಧಿ (ಬೇರೆ ದೇಶದಲ್ಲಿ ಬಂಧಿತರಾದವರು ತಮ್ಮ ದೇಶದ ಅಧಿಕಾರಿಗಳನ್ನು ಸಂಪರ್ಕಿಸುವ ಹಕ್ಕು) ಒಬ್ಬ ಮನುಷ್ಯನ ಜೀವಕ್ಕೆ ಹೇಗೆ ತಾಗುತ್ತದೆ ಅಂತ ಆ ಸಭಾಂಗಣದಲ್ಲಿ ಕೂತರೆ ಚೆನ್ನಾಗಿ ಅರ್ಥವಾಗುತ್ತದೆ.

ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯುತ್ತಾರೆ. "ಸರ್" ಅನ್ನದೆ ಬಾಯಿ ಬಿಡಲು ಬರದ ನಮಗೆ ಇದು ರೂಢಿಯಾಗಲು ಸಮಯ ಬೇಕು. ತರಗತಿಗೆ ಬರುವ ಮೊದಲೇ ಓದಿಕೊಂಡು ಬರಬೇಕು, ಮಾತಾಡಬೇಕು. ಸುಮ್ನೆ ಕೂತು ನೋಟ್ಸ್ ಬರೆಯುವವರನ್ನು ಯಾರೂ ಬಯ್ಯುವುದಿಲ್ಲ, ಆದರೆ ಗಮನಿಸುವುದೂ ಇಲ್ಲ.

ಫೀಸು ನಮ್ಮಂಥವರಿಗೆ ಸುಮಾರು 20,000 ಯೂರೋ ಆಸುಪಾಸು. ಒಂದು ಯೂರೋಗೆ ನೂರು ರೂಪಾಯಿ ಹಿಡಿದರೂ 20 ಲಕ್ಷ. ಓದುವಾಗ ವಾರಕ್ಕೆ 16 ಗಂಟೆ ಮಾತ್ರ ಕೆಲಸ, ಅದಕ್ಕೂ ಮಾಲೀಕರು ಪರ್ಮಿಟ್ ತೆಗೆದುಕೊಳ್ಳಬೇಕು. ಹಾಗಾಗಿ ಪಾರ್ಟ್ ಟೈಮ್ ದುಡಿದು ಖರ್ಚು ತೂಗಿಸುತ್ತೇನೆ ಅನ್ನುವ ಲೆಕ್ಕ ಇಲ್ಲಿ ಕೂಡುವುದಿಲ್ಲ. ಓದಿದ ಮೇಲೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ.

ಮನೆ ಹುಡುಕುವಾಗ ಒಂದು ಪ್ರಶ್ನೆ ಮರೆಯಬೇಡಿ: ಈ ವಿಳಾಸದಲ್ಲಿ ನಗರಸಭೆಯ ನೋಂದಣಿಗೆ ಒಪ್ಪಿಗೆ ಇದೆಯಾ? ನೋಂದಣಿ ಆದರೇ ಬಿಎಸ್‌ಎನ್ ಅನ್ನುವ ಸಂಖ್ಯೆ ಕೈಗೆ ಬರುವುದು. ಅದಿಲ್ಲದೆ ಬ್ಯಾಂಕು, ಕೆಲಸ, ಡಾಕ್ಟರು ಯಾವುದೂ ಸಲೀಸಿಲ್ಲ. ನಾನು ಮೊದಲು ನೋಡಿದ ರೂಮಿನ ಮಾಲೀಕ ಬಾಡಿಗೆ ಕಮ್ಮಿ ಹೇಳಿ, ನೋಂದಣಿ ಬೇಡ ಅಂದ. ಅಂಥ ಕಡೆ ಮುಂಗಡ ಕೊಡಲೇಬೇಡಿ. ರೂಮು ತೋರಿಸದೇ ದುಡ್ಡು ಕೇಳುವವರ ಮೋಸವೂ ಜಾಸ್ತಿ.

ಜರ್ಮನಿ ಉಚಿತ ಅನ್ನುವ ಮಾತು

ಜರ್ಮನಿಯಲ್ಲಿ ಫೀಸೇ ಇಲ್ಲವಂತೆ ಅಂತ ಕೇಳಿ ಬರುವವರು ಬಹಳ. ಸರ್ಕಾರಿ ವಿಶ್ವವಿದ್ಯಾಲಯಗಳ ಮಟ್ಟಿಗೆ ಬಹುಪಾಲು ನಿಜ. ಹೈಡೆಲ್‌ಬರ್ಗ್, ಫ್ರೈಬುರ್ಗ್, ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸಿದೆ. ಆದರೆ ಕಾನೂನಿನ ವಿಷಯದಲ್ಲಿ ಒಂದು ತೊಡಕಿದೆ. ವಿದೇಶಿ ಪದವೀಧರರಿಗಾಗಿ ಅಲ್ಲಿ ನಡೆಯುವ ಅಗ್ಗದ ಎಲ್‌ಎಲ್‌ಎಂ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷ್‌ನಲ್ಲಿರುವ ಎಷ್ಟೋ ಎಲ್‌ಎಲ್‌ಎಂಗಳಿಗೆ ಪ್ರತ್ಯೇಕ ಫೀಸಿದೆ. ಅಂದರೆ, ಉಚಿತ ಬೇಕಾದರೆ ಮೊದಲು ಎರಡು ವರ್ಷ ಜರ್ಮನ್ ಕಲಿಯಲು ತಯಾರಿರಬೇಕು. ಆ ಶ್ರಮ ಪಡುವವರನ್ನು ನಾನು ಮನಸಾರೆ ಹುರಿದುಂಬಿಸುತ್ತೇನೆ. ಬೆಂಗಳೂರಿನಲ್ಲಿ ಜರ್ಮನ್ ಕಂಪನಿಗಳಿಗೆ ಕೊರತೆ ಇಲ್ಲ. ಭಾಷೆಯೂ ಕಾನೂನೂ ಎರಡೂ ಗೊತ್ತಿರುವ ವಕೀಲರು ಬಹಳ ಕಮ್ಮಿ.

ಅಲ್ಲೇ ವಕೀಲರಾಗುವ ಕನಸಿದ್ದರೆ ಎಲ್‌ಎಲ್‌ಎಂ ಅದಕ್ಕೆ ದಾರಿ ಆಗುವುದಿಲ್ಲ. ಜರ್ಮನ್ ವಿದ್ಯಾರ್ಥಿಗಳು ಎರಡು ರಾಜ್ಯ ಪರೀಕ್ಷೆ ದಾಟಿ ವಕೀಲರಾಗುತ್ತಾರೆ.

ವೀಸಾಕ್ಕೆ ಬ್ಲಾಕ್ ಮಾಡಿದ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992ರ ಲೆಕ್ಕ. 2022ರ ನವೆಂಬರ್‌ನಿಂದ ಪದವಿ ಓದಲು ಹೋಗುವ ನಮ್ಮವರಿಗೆ ಎಪಿಎಸ್ (ಇಲ್ಲಿನ ಓದಿನ ದಾಖಲೆಗಳು ಅಸಲಿ ಅನ್ನುವ) ಪ್ರಮಾಣಪತ್ರವೂ ಬೇಕು. ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಸಿಗುತ್ತದೆ.

ಪೇಟೆಂಟ್, ಟ್ರೇಡ್‌ಮಾರ್ಕ್ ಕಡೆ ಹೋಗುವವರಿಗೆ ಮಾತ್ರ ನನ್ನ ಮಾತು ಬೇರೆ. ಅವರು ಮ್ಯೂನಿಕ್ ಬಿಟ್ಟು ಇನ್ನೆಲ್ಲೂ ನೋಡಬೇಕಾಗಿಲ್ಲ. ಯುರೋಪಿಯನ್ ಪೇಟೆಂಟ್ ಕಚೇರಿಯ ಕೇಂದ್ರ ಅಲ್ಲಿದೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಅಲ್ಲಿದೆ. ಅವರೂ ಕೈಜೋಡಿಸಿ ನಡೆಸುವ ಎಂಐಪಿಎಲ್‌ಸಿ ಅನ್ನುವ ಬೌದ್ಧಿಕ ಆಸ್ತಿ ಕಾನೂನು ಕೇಂದ್ರದ ಎಲ್‌ಎಲ್‌ಎಂ ಇಂಗ್ಲಿಷ್‌ನಲ್ಲಿದೆ. 2023ರ ಜೂನ್‌ನಿಂದ ಶುರುವಾದ ಏಕೀಕೃತ ಪೇಟೆಂಟ್ ನ್ಯಾಯಾಲಯದ ವಿಭಾಗವೂ ಅಲ್ಲೇ.

ಫ್ರಾನ್ಸ್, ಸ್ವಿಟ್ಜರ್ಲೆಂಡ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ರೆಂಚ್ ಬಂದರೆ ಪ್ಯಾರಿಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳು ಒಳ್ಳೆಯವು, ಫೀಸು ಬ್ರಿಟನ್ನಿನ ಹತ್ತಿರಕ್ಕೂ ಬರುವುದಿಲ್ಲ. ಮಾನವೀಯ ಕಾನೂನು, ನಿರಾಶ್ರಿತರ ಹಕ್ಕು ಅಂದರೆ ಜಿನೀವಾ. ವಿಶ್ವಸಂಸ್ಥೆಯ ಕಚೇರಿಗಳು, ರೆಡ್ ಕ್ರಾಸ್ ಎಲ್ಲ ಅಲ್ಲಿವೆ. ಆದರೆ ಅಲ್ಲಿ ಬದುಕುವ ಖರ್ಚು ದುಬಾರಿ, ಸ್ಕಾಲರ್‌ಶಿಪ್ ಇಲ್ಲದೆ ಕಷ್ಟ.

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಬೇಕೆಂದರೆ

ಕೋರ್ಟಿಗಿಂತ ಕಂಪನಿಯ ಕೆಲಸ ಇಷ್ಟ ಅನ್ನುವವರು ಡೇಟಾ ಕಾನೂನನ್ನು ಗಂಭೀರವಾಗಿ ನೋಡಿ. ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ನಮ್ಮ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ. ಯುರೋಪಿನ ಗ್ರಾಹಕರ ಮಾಹಿತಿ ನೋಡಿಕೊಳ್ಳುವ ಬೆಂಗಳೂರಿನ ಐಟಿ ಕಂಪನಿಗೆ ಎರಡೂ ಕಾನೂನು ಬೇಕು. ಲೈಡನ್, ಟಿಲ್‌ಬರ್ಗ್, ಬೆಲ್ಜಿಯಂನ ಲ್ಯೂವೆನ್ ಮೂರೂ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಇಂಗ್ಲಿಷ್‌ನಲ್ಲಿ ಕಲಿಯಬಹುದು. ಒಂದು ವರ್ಷದ ಓದು ಗಡಿ ದಾಟಿ ನೇರವಾಗಿ ಇಲ್ಲಿ ಉಪಯೋಗಕ್ಕೆ ಬರುವ ಕೆಲವೇ ವಿಷಯಗಳಲ್ಲಿ ಇದೊಂದು. ನನ್ನ ತಂಗಿ ಕಾನೂನು ಓದುತ್ತಿದ್ದರೆ ಅವಳಿಗೆ ಇದನ್ನೇ ಹೇಳುತ್ತಿದ್ದೆ.

ವಾಪಸ್ ಬಂದ ಮೇಲೆ

ವಿದೇಶದ ಎಲ್‌ಎಲ್‌ಎಂ ಇದ್ದರೂ ಸನ್ನದು, ಅಖಿಲ ಭಾರತ ಬಾರ್ ಪರೀಕ್ಷೆ ಎಲ್ಲರಿಗೂ ಒಂದೇ. ಕೋರ್ಟಿನಲ್ಲಿ ಸೀನಿಯರ್ ಹತ್ತಿರ ಸೇರಿಕೊಳ್ಳುವಾಗ ನಿಮ್ಮ ಜೊತೆ ಓದಿದವರು ಒಂದು ವರ್ಷ ಮುಂದಿರುತ್ತಾರೆ. ಕೇಸು ಕರೆಯುವ ಹೊತ್ತು, ಫೈಲಿಂಗ್ ಕೌಂಟರ್, ತಕರಾರು ಸರಿಪಡಿಸುವುದು ಅವರಿಗೆ ಕರತಲಾಮಲಕ. ಆ ಒಂದು ವರ್ಷದ ಬೆಲೆಯನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸಲೇಬೇಕು. ಹಾಗಾಗಿಯೇ ಕೋರ್ಟಿನ ದಾರಿ ಹಿಡಿದವರಿಗೆ ನಾನು ಎಕ್ಸ್‌ಚೇಂಜ್ ಅಥವಾ ಹೇಗ್ ಕೋರ್ಸನ್ನು ಎಲ್‌ಎಲ್‌ಎಂಗಿಂತ ಮೇಲೆ ಇಡುತ್ತೇನೆ.

ಪಾಠ ಮಾಡುವ ಆಸೆ ಇದ್ದವರು ಇನ್ನೂ ಎಚ್ಚರದಿಂದಿರಿ. ಹೊರದೇಶದ ಒಂದು ವರ್ಷದ ಎಲ್‌ಎಲ್‌ಎಂ ಇಲ್ಲಿನ ಎಲ್‌ಎಲ್‌ಎಂಗೆ ಸಮವಲ್ಲ ಅಂತ ಬಾರ್ ಕೌನ್ಸಿಲ್ 2020ರ ನಿಯಮಗಳಲ್ಲಿ ಹೇಳಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ನೀವು ಸೇರಬೇಕೆಂದಿರುವ ಕಾಲೇಜು ಅಥವಾ ವಿಶ್ವವಿದ್ಯಾಲಯ ಈ ಪದವಿಯನ್ನು ಒಪ್ಪುತ್ತದೆಯೇ ಅಂತ ಹೋಗುವ ಮೊದಲೇ ಲಿಖಿತವಾಗಿ ಕೇಳಿ. ಕಾಲೇಜು ಮೇಷ್ಟ್ರಾಗಲು ಸಾಮಾನ್ಯವಾಗಿ ಬೇಕಾಗುವ ನೆಟ್ ಅರ್ಹತಾ ಪರೀಕ್ಷೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸ್ಕಾಲರ್‌ಶಿಪ್ ಮತ್ತು ಸಮಯ

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ನೋಡಿ. ನಮ್ಮ ಕಾನೂನು ಕಾಲೇಜುಗಳ ಎಷ್ಟೋ ಅರ್ಹರಿಗೆ ಇವುಗಳ ಹೆಸರೇ ಗೊತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಜರ್ಮನಿಗೆ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಸ್ಕಾಲರ್‌ಶಿಪ್ ಇದೆ. ಬ್ರಿಟನ್ನಿನ ಚೆವನಿಂಗ್ ಪೂರ್ತಿ ಖರ್ಚು ಕೊಡುತ್ತದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ. ಓದು ಮುಗಿಸಿ ಎರಡು ವರ್ಷ ಊರಿಗೆ ಮರಳಿರಬೇಕು ಅನ್ನುವ ಷರತ್ತೂ ಇದೆ. ಇಲ್ಲೇ ವಕೀಲಿ ಮಾಡುವವರಿಗೆ ಆ ಷರತ್ತು ತೊಂದರೆಯೇ ಅಲ್ಲ. ಎರಡು ವರ್ಷ ಕೋರ್ಟಿನಲ್ಲಿ ದುಡಿದು ಆಮೇಲೆ ಹೋದವರು ತರಗತಿಯಲ್ಲೂ ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸೆಪ್ಟೆಂಬರ್‌ನಲ್ಲಿ ಶುರುವಾಗುವ ಕೋರ್ಸಿಗೆ ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಕೆಲಸ ಶುರು ಮಾಡಿ. ಮೊದಲು ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷದ ಅಂಕಗಳ ಅಧಿಕೃತ ದಾಖಲೆ) ತೆಗೆಸಿ, ಅದಕ್ಕೇ ವಾರಗಟ್ಟಲೆ ಹಿಡಿಯಬಹುದು. ಶಿಫಾರಸು ಪತ್ರಕ್ಕೆ ನಿಮ್ಮನ್ನು ಚೆನ್ನಾಗಿ ಬಲ್ಲ ಮೇಷ್ಟ್ರನ್ನು ಕೇಳಿ, ದೊಡ್ಡ ಹೆಸರಿನವರ ಹಿಂದೆ ಓಡಬೇಡಿ. ನಿಮ್ಮ ಮೂಟ್ ಕೋರ್ಟ್ (ಕಾಲೇಜಿನ ಅಣಕು ನ್ಯಾಯಾಲಯ) ವಾದವನ್ನೋ ಒಂದು ಪ್ರಬಂಧವನ್ನೋ ಓದಿದವರಾದರೆ ಅವರು ಬರೆಯುವ ಎರಡು ಸಾಲಿನಲ್ಲೂ ಹುರುಳಿರುತ್ತದೆ. ಅವರಿಗೆ ನಿಮ್ಮ ಅಂಕಪಟ್ಟಿ, ಕೋರ್ಸಿನ ವಿವರ, ಕೊನೆಯ ದಿನಾಂಕ ಮೂರನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿ, ಒಂದು ತಿಂಗಳಾದರೂ ಸಮಯ ಕೊಡಿ.